ಆಗುಂಬೆಯಲ್ಲಿ ಸೂರ್ಯನಿಗೆ ತುಸು ತಡ

ಮಲ್ಪೆಯ ಕಡಲತೀರದಲ್ಲಿ ಸೂರ್ಯ ಮುಳುಗಿದ ಮೇಲೂ ಆಗುಂಬೆ ಘಾಟಿಯ ನೆತ್ತಿಯಲ್ಲಿ ನಿಂತವರಿಗೆ ಆತ ಒಂದು ನಿಮಿಷಕ್ಕೂ ಹೆಚ್ಚು ಕಾಲ ಕಾಣುತ್ತಾನೆ. ಮೇಲುನೋಟಕ್ಕೆ ಇದು ತಲೆಕೆಳಗಾದ ಲೆಕ್ಕ. ಆಗುಂಬೆ ಇರುವುದು ಮಲ್ಪೆಗೆ ಪೂರ್ವದಲ್ಲಿ, ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಒಳನಾಡಿನಲ್ಲಿ. ಪೂರ್ವದ ಊರಿಗೆ ಕತ್ತಲೆ ಮೊದಲು ಬರಬೇಕಲ್ಲವೆ?

ನಿಜ, ಆ ಲೆಕ್ಕದಲ್ಲಿ ಆಗುಂಬೆಗೆ ಒಂದೂವರೆ ನಿಮಿಷ ನಷ್ಟ. ಆದರೆ ಘಾಟಿಯ ತುದಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೋಡಿದರೆ ದಿಗಂತ 90 ಕಿ.ಮೀ. ಆಚೆಗೆ ಸರಿಯುತ್ತದೆ, ಕರಾವಳಿಯನ್ನು ದಾಟಿ ನಡುಗಡಲಿಗೇ ಹೋಗಿಬಿಡುತ್ತದೆ. ಈ ಎತ್ತರ ಕೊಡುವ ಲಾಭ ಸುಮಾರು ಮೂರು ನಿಮಿಷ.

ಇನ್ನೊಂದು ಸೋಜಿಗವೂ ಉಂಟು. ಬಿಂಬದ ತಳ ಕಡಲನ್ನು ಮುಟ್ಟಿದಂತೆ ತೋರುವ ಹೊತ್ತಿಗೆ ನಿಜವಾದ ಸೂರ್ಯ ಪೂರ್ತಿ ಕೆಳಗಿಳಿದಿರುತ್ತಾನೆ. ಭೂಮಿಯ ಗಾಳಿ ಬೆಳಕನ್ನು ಬಾಗಿಸಿ ಅವನನ್ನು ಮೇಲೆತ್ತಿ ತೋರಿಸುತ್ತದೆ. ತಳದ ಬೆಳಕು ನೆತ್ತಿಯದಕ್ಕಿಂತ ಹೆಚ್ಚು ಬಾಗುವುದರಿಂದ ಬಿಂಬ ಅದುಮಿದಂತಾಗುತ್ತದೆ. ಗಾಳಿಯ ಪದರಗಳಲ್ಲಿ ಬಿಸಿ ತಂಪು ಬೇರೆಯಾದರೆ ಗಡಿಗೆಯ ಆಕಾರ, ಮಡಕೆಯ ಆಕಾರ ಎಲ್ಲವೂ ಬರುತ್ತವೆ.

ಇಷ್ಟಕ್ಕೂ ಆಕಾಶ ತಿಳಿಯಾಗಿರಬೇಕು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿದು. ಮಳೆಗಾಲದಲ್ಲಿ ಹೋದವರು ಮಂಜು ನೋಡಿ ಮರಳಬೇಕಾದೀತು. ನವೆಂಬರಿನಿಂದ ಜನವರಿಯವರೆಗಿನ ಸಂಜೆಗಳು ವಾಸಿ. ಆಗಲೂ ಕಡಲ ಮೇಲಿನ ಮಬ್ಬು ಕೆಲವೊಮ್ಮೆ ದಿಗಂತಕ್ಕೆ ಮೊದಲೇ ಸೂರ್ಯನನ್ನು ನುಂಗಿಬಿಡುತ್ತದೆ, ಎತ್ತರದ ಲಾಭವೆಲ್ಲ ಅಲ್ಲಿಗೆ ಹೋಯಿತು. ಆದರೂ ತಕ್ಷಣ ಬಸ್ಸಿನತ್ತ ಓಡಬಾರದು. ಮೋಡಗಳಿಗೆ ಗಾಢವಾದ ಕೆಂಪು ಹತ್ತುವುದು ಹಲವು ಸಲ ಆಮೇಲೆಯೇ.