ಹಾರಲಾರದ ಸಗಣಿ ಜೀರುಂಡೆಗೆ ಹೆಸರಿಡುವ ಬಗೆ

ಸಗಣಿ ಜೀರುಂಡೆಗಳಲ್ಲಿ ಬಹುಪಾಲು ಚೆನ್ನಾಗಿ ಹಾರಬಲ್ಲವು. ಸಗಣಿ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ವಾಸನೆ ಹಿಡಿದು ಬಂದಿಳಿಯುತ್ತವೆ. ತಡವಾದರೆ ಸಗಣಿ ಒಣಗುತ್ತದೆ, ಇಲ್ಲವೇ ಬೇರೆ ಹುಳುಗಳ ಪಾಲಾಗುತ್ತದೆ. ಇಂಥ ಬಳಗದಲ್ಲೂ ಹಾರಾಟವನ್ನು ಪೂರ್ತಿ ಕೈಬಿಟ್ಟ ಪ್ರಭೇದಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡು ಬೆಟ್ಟಗಳಲ್ಲಿ ಬಾಳುವ ಟೆಮ್ನೊಪ್ಲೆಕ್ಟ್ರಾನ್ ಕುಲದಲ್ಲಿ ಇಂಥವು ಹಲವು. ನಮ್ಮ ಪಶ್ಚಿಮ ಘಟ್ಟದಲ್ಲಿ ಓಕಿಕ್ಯಾಂಥಾನ್ ಎಂಬ ಪುಟ್ಟ ಜೀರುಂಡೆಗಳ ಕುಲವಿದೆ. ಈ ಕುಲದ ಭಾರತ ಉಪಖಂಡದ ಪ್ರಭೇದಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಸಮಗ್ರ ಪರಿಷ್ಕರಣೆ ಹೊಸ ಪ್ರಭೇದಗಳನ್ನು ವರ್ಣಿಸಿದ್ದಲ್ಲದೆ, ಹಾರಲಾಗದಿರುವಿಕೆಯನ್ನೂ ಚರ್ಚಿಸಿತು.

ರೆಕ್ಕೆ ಕಳೆದುಕೊಳ್ಳುವುದರಿಂದ ಲಾಭವೇನು? 1859ರಲ್ಲಿ ಡಾರ್ವಿನ್, ಮಡೀರಾ ದ್ವೀಪದ 550 ಜೀರುಂಡೆ ಪ್ರಭೇದಗಳಲ್ಲಿ 200 ಹಾರಲಾರವು ಎಂಬ ಕೀಟಶಾಸ್ತ್ರಜ್ಞ ವೊಲಾಸ್ಟನ್ನರ ಎಣಿಕೆಯನ್ನು ಎತ್ತಿ ಹೇಳಿ, ಹಾರಿದವನ್ನು ಗಾಳಿ ಕಡಲಿಗೆ ಒಯ್ದಿರಬೇಕು ಎಂದು ತರ್ಕಿಸಿದ್ದ. ಬೆಟ್ಟದ ದಟ್ಟ ಕಾಡಿಗೆ ಈ ಕಾರಣ ಅಷ್ಟು ಒಗ್ಗುವುದಿಲ್ಲ. ಅಲ್ಲಿ ಹೆಚ್ಚು ನಂಬಲರ್ಹವಾದ ವಿವರಣೆ ಬೇರೆ: ಸಾವಿರಾರು ವರ್ಷ ಬದಲಾಗದೆ ಉಳಿದ ತಂಪು ಕಾಡಿನಲ್ಲಿ ನೆಲೆ ಬಿಟ್ಟು ದೂರ ಹೋಗುವ ಅಗತ್ಯ ಕಡಿಮೆ. ರೆಕ್ಕೆ ಮತ್ತು ಅದರ ಸ್ನಾಯುಗಳನ್ನು ಬೆಳೆಸಿ ಪೋಷಿಸಲು ತಗಲುವ ಶಕ್ತಿ ಮೊಟ್ಟೆಗಳಿಗೆ ಸಿಗುತ್ತದೆ.

ಇಂಥ ಹುಳುವನ್ನು ಹಿಡಿಯುವುದೇ ಕಷ್ಟ. ನೆಲದಲ್ಲಿ ಬಟ್ಟಲು ಹೂತು ಮೇಲೆ ಸಗಣಿ ತೂಗುಬಿಡುವ ಸಾಮಾನ್ಯ ವಿಧಾನಕ್ಕೆ ಹಾರುವವು ದೂರದಿಂದ ಬಂದು ಬೀಳುತ್ತವೆ. ನಡೆಯುವವು ಹತ್ತಿರದಲ್ಲಿದ್ದರಷ್ಟೇ ಬರುತ್ತವೆ. ಹಾಗಾಗಿ ತರಗೆಲೆಯನ್ನು ಜರಡಿ ಹಿಡಿದು ಸೋಸಬೇಕಾಗುತ್ತದೆ.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಗಟ್ಟಿ ಹೊರರೆಕ್ಕೆಗಳನ್ನು ಎತ್ತಿ ನೋಡಿದರೆ, ಹಾರುವ ಒಳರೆಕ್ಕೆಯ ಜಾಗದಲ್ಲಿ ಕಿರಿದಾದ ಪಟ್ಟಿ ಮಾತ್ರ ಉಳಿದಿರಬಹುದು. ಕೆಲವದರಲ್ಲಿ ಹೊರರೆಕ್ಕೆಗಳೇ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಸ್ನಾಯುಗಳಿಗೆ ಜಾಗ ಬೇಡವಾದ್ದರಿಂದ ಎದೆಯ ಹಿಂಭಾಗ ಮೊಟಕಾಗಿ, ಭುಜಗಳ ಕೋನ ಅಳಿದು ಮೈ ಗುಂಡಗಾಗಿರುತ್ತದೆ. ಮೋಸ ಹೋಗುವುದು ಇಲ್ಲಿಯೇ. ದೂರದ ಸಂಬಂಧಿಗಳೂ ಹಾರಾಟ ಬಿಟ್ಟ ಮೇಲೆ ಇದೇ ಆಕಾರ ತಾಳುತ್ತವೆ. ಆದ್ದರಿಂದ ಗುಂಡು ಮೈ ನಂಟಿನ ಪುರಾವೆಯಾಗದು. ವರ್ಗೀಕರಣಕಾರರು ಹೆಚ್ಚು ನಂಬುವುದು ಗಂಡಿನ ಜನನಾಂಗದ ರಚನೆಯನ್ನು. ತಲೆಯ ಅಂಚಿನ ಹಲ್ಲು, ಮುಂಗಾಲಿನ ಮುಳ್ಳು, ಮೈಮೇಲಿನ ಚುಕ್ಕಿಗಳ ಜೋಡಣೆ ಅದಕ್ಕೆ ಒತ್ತಾಸೆ. ಈಗ ಡಿಎನ್‌ಎಯನ್ನೂ ಹೋಲಿಸುತ್ತಾರೆ.

ಹೊಸದೆಂದು ಸಾರುವ ಮುನ್ನ ವಸ್ತುಸಂಗ್ರಹಾಲಯಗಳಲ್ಲಿರುವ, ಹಿಂದೆ ಹೆಸರಿಟ್ಟ ಪ್ರಭೇದಗಳ ಆಧಾರ ಮಾದರಿಗಳೊಂದಿಗೆ ತಾಳೆ ನೋಡಲೇಬೇಕು. ಈ ದುಡಿಮೆ ತಾಳ್ಮೆಯದು, ಹೊರಗೆ ಕಾಣದ್ದು. ಆದರೆ ಹೆಸರಿನ ಬೆಲೆಯೆಲ್ಲ ಇದರ ಮೇಲೆ ನಿಂತಿದೆ. ಬಳಿಕ ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯಂತೆ ಕುಲ ಮತ್ತು ಪ್ರಭೇದದ ಜೋಡಿ ಹೆಸರು, ಹತ್ತಿರದವುಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳ ವಿವರಣೆ ಪ್ರಕಟವಾಗಬೇಕು. 1999ರ ನಂತರದ ಹೆಸರುಗಳಿಗೆ ಆಧಾರ ಮಾದರಿಯನ್ನು ಸ್ಪಷ್ಟವಾಗಿ ಗುರುತಿಸುವುದು ಕಡ್ಡಾಯ. ಮುಂದೆ ಸಂದೇಹ ಬಂದರೆ ತೀರ್ಪು ಕೊಡುವುದು ಆ ಮಾದರಿಯೇ. ಅದರ ಚೀಟಿಯಲ್ಲಿ ಸಿಕ್ಕ ಜಾಗ, ಎತ್ತರ, ದಿನಾಂಕ ಇರುತ್ತವೆ.

ಆ ಚೀಟಿಯ ವಿವರ ಹಾರಲಾರದ ಜೀರುಂಡೆಯ ವಿಷಯದಲ್ಲಿ ಇನ್ನಷ್ಟು ಮುಖ್ಯ. ಒಂದು ಬೆಟ್ಟದ ಹುಳು ನಡುವಿನ ಬಿಸಿ ಕಣಿವೆ ದಾಟಿ ಮತ್ತೊಂದಕ್ಕೆ ಹೋಗಲಾರದು. ಕ್ವೀನ್ಸ್‌ಲ್ಯಾಂಡಿನಲ್ಲಿ ಬೇರೆ ಬೇರೆ ಬೆಟ್ಟಗಳಲ್ಲಿ ಬೇರೆ ಬೇರೆ ಪ್ರಭೇದಗಳು ರೂಪುಗೊಂಡಿರುವುದು ಇದರಿಂದಲೇ. ಆ ಒಂದು ಬೆಟ್ಟದ ಕಾಡು ತೋಟವಾದರೆ, ಅಥವಾ ತಾಪಮಾನ ಏರಿ ತಂಪಿನ ಪಟ್ಟಿ ಶಿಖರವನ್ನೂ ಮೀರಿದರೆ, ಆ ಪ್ರಭೇದಕ್ಕೆ ಬೇರೆ ನೆಲೆಯಿಲ್ಲ.