ಗಣಕಯಂತ್ರದ ಕಡತಗಳು: ಸಂಕೇತ ಮತ್ತು ಸಂಕೋಚನ

ಗಣಕಯಂತ್ರವು ಅಕ್ಷರವನ್ನರಿಯದು, ಅಂಕಿಗಳನ್ನು ಮಾತ್ರ ಬಲ್ಲದು. ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ ಅದರ ಸಮಸ್ತ ವ್ಯವಹಾರವೂ ಸಾಗುತ್ತದೆ. ಇಂಥ ಎಂಟು ಚಿಹ್ನೆಗಳ ಗುಂಪಿಗೆ ಬೈಟ್ ಎಂದು ಹೆಸರು. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬ ಒಪ್ಪಂದವೇ ಸಂಕೇತಪದ್ಧತಿ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಪದ್ಧತಿಯಲ್ಲಿ 128 ಸ್ಥಾನಗಳಿದ್ದು, ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ.

ಆದಕಾರಣ ಹಳೆಯ ಗಣಕಗಳಲ್ಲಿ ಒಂದು ಉಪಾಯವನ್ನು ಹೂಡಲಾಯಿತು. ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳಿಗೇ ಕನ್ನಡದ ಅಕ್ಷರಭಾಗಗಳ ಆಕೃತಿಯನ್ನು ತೊಡಿಸಿದ ಫಾಂಟುಗಳು ಬಳಕೆಗೆ ಬಂದವು. ತೆರೆಯ ಮೇಲೆ ಕನ್ನಡವೇ ಕಾಣುತ್ತಿದ್ದರೂ ಕಡತದೊಳಗೆ ಇದ್ದುದು ರೋಮನ್ ಸಂಖ್ಯೆಗಳೇ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೋರುತ್ತದೆ.

ಈ ಗೊಂದಲಕ್ಕೆ ಪರಿಹಾರವಾಗಿ 1991ರಲ್ಲಿ ಇಸ್ಕಿ ಎಂಬ ಭಾರತೀಯ ಮಾನಕವು ಹೊರಬಂದಿತು. ಬ್ರಾಹ್ಮಿಯಿಂದ ಬೆಳೆದ ಲಿಪಿಗಳ 'ಕ'ಕಾರಕ್ಕೆಲ್ಲ ಅದರಲ್ಲಿ 179 ಎಂಬ ಒಂದೇ ಸಂಖ್ಯೆ. ಅದೇ ವರ್ಷ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೇ 128 ಸ್ಥಾನಗಳನ್ನು ಪ್ರತ್ಯೇಕವಾಗಿ ಕಾದಿರಿಸಿತು. ಅಲ್ಲಿ ಕನ್ನಡದ 'ಕ' 3221ನೆಯದು.

ಇನ್ನು ಸಂಕೋಚನದ ವಿಚಾರ. ಒಂದು ಕಾಲದ ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು ಕೇವಲ 360 ಕಿಲೋಬೈಟು. ಸ್ಥಳಾಭಾವವೇ ಸಂಕೋಚನದ ಕಲೆಯನ್ನು ಮನೆಮನೆಯ ಗಣಕಗಳಿಗೆ ತಂದಿತು. ಕೀರ್ತನೆಗಳ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಮಾತ್ರ ಅಚ್ಚುಮಾಡಿ, ಪ್ರತಿ ಚರಣದ ಕೊನೆಗೆ ॥ಪ॥ ಎಂಬ ಗುರುತನ್ನಷ್ಟೇ ಇಡುವರು. ಹಾಡುವವನು ಪಲ್ಲವಿಯನ್ನು ಪೂರ್ಣವಾಗಿಯೇ ಹಾಡುತ್ತಾನೆ. 1977ರಲ್ಲಿ ಲೆಂಪೆಲ್ ಮತ್ತು ಝಿವ್ ಎಂಬ ವಿದ್ವಾಂಸರು ಪ್ರಕಟಿಸಿದ ವಿಧಾನದ ತಿರುಳೂ ಇದೇ: ಹಿಂದೆ ಬಂದ ಸಾಲು ಮರಳಿ ಬಂದರೆ, ಅದು ಎಷ್ಟು ಹಿಂದೆ ಇದೆ, ಎಷ್ಟು ಉದ್ದವಿದೆ ಎಂಬುದನ್ನಷ್ಟೇ ಬರೆದಿಡುವುದು. ಪದೇಪದೇ ಬರುವ ಚಿಹ್ನೆಗೆ ಚಿಕ್ಕ ಸಂಕೇತವನ್ನೂ ವಿರಳವಾದುದಕ್ಕೆ ದೊಡ್ಡದನ್ನೂ ಕೊಡುವ ಕ್ರಮವನ್ನು ಹಫ್‌ಮನ್ 1952ರಲ್ಲೇ ಪ್ರಕಟಿಸಿದ್ದನು. 1989ರಲ್ಲಿ ಫಿಲ್ ಕಾಟ್ಜ್ ಹೊರತಂದ ಜಿಪ್ ಕಡತಗಳಲ್ಲಿ ಮುಂದೆ ಈ ಎರಡೂ ಕೂಡಿ ನೆಲೆಗೊಂಡವು.

ಕನ್ನಡಕ್ಕೆ ಇದರಿಂದ ವಿಶೇಷ ಪ್ರಯೋಜನವುಂಟು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ತಗಲುತ್ತವೆ. ಅವುಗಳಲ್ಲಿ ಮೊದಲನೆಯದು ಸದಾ 224. ಎರಡನೆಯದು 178 ಅಥವಾ 179. ಹೀಗೆ ಮರುಕಳಿಸುವ ಬೈಟುಗಳು ಸಂಕೋಚನಕ್ಕೆ ಸುಲಭವಾಗಿ ಒಳಗಾಗುವುದರಿಂದ ಈ ಹೊರೆಯ ಬಹುಪಾಲು ಇಳಿದುಹೋಗುತ್ತದೆ.

ಜಿಪ್ ಕಡತವನ್ನು ಬಿಚ್ಚಿದಾಗ ಒಂದು ಚಿಹ್ನೆಯೂ ಲೋಪವಾಗದೆ ಮೂಲವು ಮರಳುತ್ತದೆ. ಆದರೆ ಬಿಚ್ಚಿದ ಕಡತದ ಸಂಕೇತಪದ್ಧತಿ ತಿಳಿಯದಿದ್ದರೆ ಮರಳಿದ್ದರಿಂದ ಫಲವೇನು? ಮತ್ತೊಂದು ಎಚ್ಚರಿಕೆಯೂ ಅವಶ್ಯ: ಸಾದಾ ಬರೆಹದಲ್ಲಿ ಒಂದು ಬೈಟು ಕೆಟ್ಟರೆ ಒಂದಕ್ಷರ ಹೋದೀತು, ಸಂಕುಚಿತ ಕಡತದಲ್ಲಿ ಕೆಟ್ಟರೆ ಮುಂದಿನ ಭಾಗವೆಲ್ಲ ಹಾಳಾಗಬಹುದು.

ಆದುದರಿಂದ ಹಳೆಯ ಫ್ಲಾಪಿಗಳಲ್ಲಿರುವ ಸಂಸ್ಥೆಗಳ ದಾಖಲೆ, ಸ್ಮರಣ ಸಂಚಿಕೆ, ಹಸ್ತಪ್ರತಿಗಳ ನಕಲುಗಳನ್ನು ಅವು ಓದಬರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ, ಒಂದಕ್ಕಿಂತ ಹೆಚ್ಚು ಪ್ರತಿಗಳನ್ನು ಬೇರೆಬೇರೆ ಕಡೆ ಇರಿಸುವುದು ವಿಹಿತ. ಮೂಲ ಫಾಂಟಿನ ಹೆಸರನ್ನೂ ತಂತ್ರಾಂಶದ ಹೆಸರನ್ನೂ ಜೊತೆಗೆ ಬರೆದಿಡಬೇಕು. ತಾಳೆಗರಿಯನ್ನು ಕಾಪಾಡಿದವರಿಗೆ ಲಿಪಿಯ ಪರಿಚಯವಿತ್ತು. ಗಣಕದ ಕಡತವನ್ನು ಕಾಪಾಡುವವರು ಅದರ ಲಿಪಿಯ ಕೀಲಿಯನ್ನೂ ಮುಂದಿನವರ ಕೈಗೆ ಒಪ್ಪಿಸಬೇಕಾಗಿದೆ.