ಅನ್ನವಿಲ್ಲದ ತವರು

ಡೊಮಿನಿಕನ್ ಗಣರಾಜ್ಯದ ಈಶಾನ್ಯ ತುದಿಯಲ್ಲಿ ಸಮನಾ ಕೊಲ್ಲಿಯಿದೆ. ಜನವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಅಲ್ಲಿಗೆ ಬರುವ ಪ್ರವಾಸಿಗರು ಬೆಳಿಗ್ಗೆ ದೋಣಿಯೇರಿ ತಿಮಿಂಗಿಲ ನೋಡುತ್ತಾರೆ. ಮಧ್ಯಾಹ್ನ ಕಾಯೊ ಲೆವಾಂಟಾಡೊ ಎಂಬ ಪುಟ್ಟ ದ್ವೀಪದಲ್ಲಿಳಿದು, ಬಿಳಿ ಮರಳಿನ ದಂಡೆಯಲ್ಲಿ ಉಂಡು, ನೀಲಿ ನೀರಿನಲ್ಲಿ ಈಜುತ್ತಾರೆ. ಆ ನೀಲಿಗೂ ತಿಮಿಂಗಿಲದ ಬದುಕಿಗೂ ನಂಟಿದೆ.

ಇಲ್ಲಿಗೆ ಬರುವುದು ಹಂಪ್‌ಬ್ಯಾಕ್ ತಿಮಿಂಗಿಲ. ಉದ್ದ 13ರಿಂದ 16 ಮೀಟರ್, ತೂಕ ಸುಮಾರು 30 ಟನ್. ಬೇಸಿಗೆಯಲ್ಲಿ ಇದರ ವಾಸ ಅಮೆರಿಕದ ಮೇನ್ ಕೊಲ್ಲಿ, ಕೆನಡಾ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳ ತಣ್ಣನೆಯ ಕಡಲು. ಅಲ್ಲಿ ತಳದ ಪೋಷಕಾಂಶಗಳು ಮೇಲಕ್ಕೆ ಬೆರೆತು ಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿಂದು ತಿಮಿಂಗಿಲದ ಊಟವಾದ ಕ್ರಿಲ್ (ಸಿಗಡಿಯಂಥ ಪುಟ್ಟ ಜೀವಿ) ಮತ್ತು ಸಣ್ಣ ಮೀನು ಹೆಚ್ಚುತ್ತವೆ. ಸಮನಾ ಇರುವ ಉಷ್ಣವಲಯದಲ್ಲಿ ಹಾಗಲ್ಲ. ಬಿಸಿಲಿಗೆ ಕಾದ ಮೇಲ್ಪದರ ಮುಚ್ಚಳದಂತೆ ಕೂತಿರುವುದರಿಂದ ತಳದ ಸಾರ ಮೇಲೆ ಬರುವುದು ಕಷ್ಟ. ಪ್ಲವಕ ಕಡಿಮೆ, ಅದಕ್ಕೇ ನೀರು ತಿಳಿ. ನಮ್ಮ ಕಣ್ಣಿಗೆ ಹಬ್ಬವಾದದ್ದು ತಿಮಿಂಗಿಲಕ್ಕೆ ಬರಿದಾದ ತಟ್ಟೆ.

ಆದರೂ ಸಾವಿರಾರು ಕಿಲೋಮೀಟರ್ ಈಜಿ ಬರುತ್ತದೆ, ಹೆರಿಗೆಗೆ ತವರಿಗೆ ಬರುವ ಮಗಳಂತೆ. ಬಾಲದ ಅಡಿಯ ಕಪ್ಪು-ಬಿಳುಪು ಗುರುತು ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಉತ್ತರದಲ್ಲೂ ಇಲ್ಲೂ ತೆಗೆದ ಬಾಲದ ಫೋಟೊಗಳನ್ನು ಹೋಲಿಸಿಯೇ ವಿಜ್ಞಾನಿಗಳು ಈ ಯಾನವನ್ನು ಖಚಿತಪಡಿಸಿದರು. ಇಷ್ಟು ದೂರ ಬರುವುದೇಕೆ? ಎಳೆಗರುವಿನ ಮೈಕೊಬ್ಬು ತೆಳು, ಬೆಚ್ಚಗಿನ ನೀರು ಅದಕ್ಕೆ ಹಿತ. ಕರುಗಳನ್ನು ಬೇಟೆಯಾಡುವ ಓರ್ಕಾಗಳ ಕಾಟವೂ ಇಲ್ಲಿ ಕಡಿಮೆ ಎಂಬುದು ಇನ್ನೊಂದು ವಿವರಣೆ.

ದೋಣಿಯಿಂದ ಮೊದಲು ಕಾಣುವುದು ಸಾಮಾನ್ಯವಾಗಿ ಕರುವಿನ ಸಣ್ಣ ಉಸಿರು. ಅದು ಕೆಲವೇ ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು. ತಾಯಿ ಕೆಳಗೆ ಅಲುಗಾಡದೆ ತೇಲುತ್ತಿರುತ್ತಾಳೆ. ಕರು ಒಂದು ಸುತ್ತು ಹಾಕಿ ಮತ್ತೆ ಅವಳ ಗದ್ದದಡಿ ನುಸುಳುತ್ತದೆ. ಆಮೇಲೆ ತಾಯಿಯ ಅಗಲವಾದ ಬೆನ್ನು ಮೇಲೇಳುತ್ತದೆ, ಉಸಿರು ಕಾರಂಜಿಯಂತೆ ಚಿಮ್ಮುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸು. ಈ ತಾಯಿಯ ಹಾಲಿನಲ್ಲಿ ಅದರ ಹತ್ತು ಪಟ್ಟು. ಅಷ್ಟೂ ಬರುವುದು ಬೇಸಿಗೆಯಲ್ಲಿ ಕೂಡಿಟ್ಟ ಅವಳ ಮೈಕೊಬ್ಬಿನಿಂದ. ಉತ್ತರಕ್ಕೆ ಮರಳುವವರೆಗೆ ಅವಳದು ಹೆಚ್ಚುಕಡಿಮೆ ಉಪವಾಸವೇ.

ನಮ್ಮ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಮಾತ್ರ ಈ ದೂರದ ವಲಸೆ ಹೋಗುವುದಿಲ್ಲ. ಮುಂಗಾರಿನ ಗಾಳಿ ತಳದ ನೀರನ್ನು ಮೇಲೆತ್ತುವುದರಿಂದ ಅವುಗಳಿಗೆ ತವರಿನಲ್ಲೇ ಅನ್ನವಿದೆ. ಆದರೆ ಅವು ತೀರಾ ವಿರಳ. ಓಮನ್ ಕರಾವಳಿಯಲ್ಲಿ ಅಂದಾಜಿಸಿದ ಸಂಖ್ಯೆ ನೂರರೊಳಗೆ.

ಸಮನಾದ ತಾಯಿಯಾದರೋ ಉಪವಾಸದಲ್ಲಿರುವವಳು. ಅವಳು ದೋಣಿಗೆ ಬೆದರಿ ಓಡಿದರೆ ಕರಗುವುದು ಕರುವಿನ ಪಾಲಿನ ಹಾಲು. ಅದಕ್ಕೇ ಸಮನಾದಲ್ಲಿ ತಾಯಿ-ಕರುವಿನಿಂದ ದೋಣಿ 80 ಮೀಟರ್ ದೂರವಿರಬೇಕೆಂಬ ನಿಯಮವಿದೆ, ತಿಮಿಂಗಿಲದ ಜೊತೆ ಈಜುವಂತಿಲ್ಲ. ಹೋದಾಗ ಇನ್ನೂ ಹತ್ತಿರ ಒಯ್ಯಿರೆಂದು ದೋಣಿಯವರನ್ನು ಒತ್ತಾಯಿಸಬೇಡಿ. ಬಾಣಂತಿಯ ಕೋಣೆಯ ಹೊಸ್ತಿಲಾಚೆ ನಿಂತು ನೋಡಿ ಬರುವುದು ನಮಗೆ ಹೊಸ ಮರ್ಯಾದೆಯೇನಲ್ಲ.